ಆರು ದಿನಗಳ ಆರಾಧನೆ

ಗುತ್ತಿಯಿಂದ ಪತ್ತಿಕೊಂಡಕ್ಕೆ ಹೋಗುವ ದಾರಿಯಲ್ಲಿ, ಎರ್ರಗುಡಿಯೆಂಬ ಗ್ರಾಮದ ಸಮೀಪದ ಬಂಡೆಗಳ ಮೇಲೆ, ಅಶೋಕ ಚಕ್ರವರ್ತಿಯ ಧರ್ಮಲಿಪಿಗಳು ಇಂದಿಗೂ ಉಳಿದಿವೆ. ಅವುಗಳೊಳಗೆ ಒಂಬತ್ತನೆಯ ಶಾಸನದ ತಾತ್ಪರ್ಯವು ವಿಚಾರವಂತನಾದ ಯಾತ್ರಿಕನನ್ನು ಅರೆಗಳಿಗೆ ತಡೆದು ನಿಲ್ಲಿಸತಕ್ಕಂಥದು. ರೋಗ ಬಂದಾಗ, ವಿವಾಹವಾಗುವಾಗ, ಶಿಶು ಜನಿಸಿದಾಗ, ಪ್ರಯಾಣ ಹೊರಡುವಾಗ ಜನರು ಬಗೆಬಗೆಯ ಮಂಗಲಕರ್ಮಗಳನ್ನು ನಡೆಸುತ್ತಾರೆ; ನಡೆಸಲಿ, ಅಡ್ಡಿಯಿಲ್ಲ; ಆದರೆ ಅವುಗಳ ಫಲವು ಅಲ್ಪ; ದಾಸರನ್ನೂ ಭೃತ್ಯರನ್ನೂ ತಕ್ಕ ರೀತಿಯಲ್ಲಿ ನಡೆಯಿಸಿಕೊಳ್ಳುವುದು, ಗುರುಹಿರಿಯರಿಗೆ ಮರ್ಯಾದೆ ಸಲ್ಲಿಸುವುದು, ಪ್ರಾಣಿಗಳ ವಿಷಯದಲ್ಲಿ ಸಂಯಮದಿಂದಿರುವುದು, ಇವೇ ಮಹಾಫಲವನ್ನು ಕೊಡತಕ್ಕ ಮಂಗಲಕರ್ಮಗಳು ಎಂಬುದು ಆ ತಾತ್ಪರ್ಯ. ಕ್ರಿಸ್ತಜನನಕ್ಕೆ ಎರಡು ಶತಮಾನಗಳಿಗೂ ಹಿಂದೆ ಈ ಸೀಮೆಯ ಕಲ್ಲು ಇಂಥ ಮಾತನ್ನು ಹೊತ್ತಿತ್ತೆಂಬುದನ್ನು ಈ ಸೀಮೆಯ ಕ್ರೈಸ್ತರು ತಮ್ಮ ಆರಾಧನೆಯನ್ನು ಕುರಿತು ಯೋಚಿಸುವಾಗ ನೆನೆಯಬಹುದು. ಏಕೆಂದರೆ ಅವರ ಮುಂದಿರುವ ಪ್ರಶ್ನೆಯೂ ಮೂಲತಃ ಅದೇ. ಭಾನುವಾರದ ಎರಡು ಗಂಟೆಗಳ ಸ್ತೋತ್ರ, ಪ್ರಸಂಗ, ಪ್ರಭುಭೋಜನಗಳಿಗೂ ಉಳಿದ ಆರು ದಿನಗಳ ಉಳುಮೆ, ಕೂಲಿ, ಅಡುಗೆ, ವ್ಯಾಪಾರಗಳಿಗೂ ಏನು ಸಂಬಂಧ?

ಪತ್ತಿಕೊಂಡವು 1858ರಲ್ಲಿ ಕರ್ನೂಲು ಜಿಲ್ಲೆಗೆ ಸೇರುವವರೆಗೆ ಬಳ್ಳಾರಿ ಜಿಲ್ಲೆಯ ತಾಲ್ಲೂಕಾಗಿತ್ತು. ಆದವಾನಿ, ಆಲೂರುಗಳು 1953ರವರೆಗೂ ಬಳ್ಳಾರಿಯವೇ. ಆದಕಾರಣ ಇಲ್ಲಿಯ ಕನ್ನಡಿಗರಿಗೆ ಬೈಬಲು ಬಂದ ದಾರಿಯೂ ಬಳ್ಳಾರಿಯ ದಾರಿಯೇ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಎಂಬವರು 1810ರಲ್ಲಿ ಬಳ್ಳಾರಿಗೆ ಬಂದು ನೆಲಸಿ, ಎರಡು ದಶಕಗಳ ಪರಿಶ್ರಮದಿಂದ ನಡೆಸಿದ ಭಾಷಾಂತರವು 1831ರಲ್ಲಿ ಸಮಗ್ರ ಕನ್ನಡ ಬೈಬಲಾಗಿ ಪೂರ್ಣಗೊಂಡಿತು. ಅದಕ್ಕೆ ನಾಲ್ಕು ವರ್ಷ ಮುಂಚೆ, 1827ನೆಯ ಜುಲೈ 6ರಂದು, ಮದರಾಸಿನ ಗವರ್ನರ್ ಥಾಮಸ್ ಮನ್ರೋ ಪತ್ತಿಕೊಂಡದಲ್ಲಿಯೇ ವಾಂತಿಭೇದಿಯಿಂದ ತೀರಿಕೊಂಡರು. ಅವರ ಸ್ಮರಣಾರ್ಥವಾಗಿ ಅಲ್ಲಿ ಒಂದು ಬಾವಿಯನ್ನು ತೋಡಿಸಿ ತೋಪೊಂದನ್ನು ಬೆಳೆಸಿದರು. ಮಳೆ ಕಾಣದ ಊರಿನಲ್ಲಿ ನೀರನ್ನೂ ನೆರಳನ್ನೂ ಸ್ಮಾರಕವಾಗಿ ಆರಿಸಿದವರ ವಿವೇಕವನ್ನು ಮೆಚ್ಚಬೇಕು. ಆಳುವವರ ಧರ್ಮ ಎಷ್ಟು ಬೇಗ ಪ್ರತಿಮೆಗಳಲ್ಲಿ ತೃಪ್ತಿಪಡುತ್ತದೆಂಬುದನ್ನು ಬಲ್ಲವರು ಹೆಚ್ಚಾಗಿಯೇ ಮೆಚ್ಚುವರು.

ಹೀಗೆ ಕನ್ನಡಕ್ಕೆ ಬಂದ ಗ್ರಂಥದಲ್ಲಿ ಆರಾಧನೆಯನ್ನು ಕುರಿತು ಅತ್ಯಂತ ಕಠೋರವಾಗಿ ಮಾತಾಡಿದವನು ತೆಕೋವದ ಕುರಿಗಾಹಿಯಾದ ಪ್ರವಾದಿ ಆಮೋಸ. ಅವನು ಚಿತ್ರಿಸುವ ವರ್ತಕನೊಬ್ಬನಿದ್ದಾನೆ: ಸಬ್ಬತ್ ದಿನವನ್ನು ಎಲ್ಲ ನಿಯಮಗಳೊಡನೆ ಆಚರಿಸುತ್ತಾನೆ, ಆದರೆ ಆಚರಿಸುತ್ತಿರುವಾಗಲೇ, ಈ ದಿನ ಯಾವಾಗ ಮುಗಿದೀತು, ನಾನು ಕಣಜವನ್ನು ತೆರೆದು ಕೊಳಗವನ್ನು ಕಿರಿದುಮಾಡಿ, ತೂಕದ ಕಲ್ಲನ್ನು ಹಿರಿದುಮಾಡಿ ಯಾವಾಗ ವ್ಯಾಪಾರಕ್ಕೆ ಕುಳಿತೇನು ಎಂದು ಮನಸ್ಸಿನಲ್ಲಿ ಲೆಕ್ಕಹಾಕುತ್ತಿರುತ್ತಾನೆ. ಆದವಾನಿಯ ಹತ್ತಿಯ ಮಂಡಿಯನ್ನೋ, ಪತ್ತಿಕೊಂಡದ ಟೊಮೆಟೊ ಮಾರುಕಟ್ಟೆಯನ್ನೋ ಬಲ್ಲವರಿಗೆ ಈ ಚಿತ್ರಕ್ಕೆ ವ್ಯಾಖ್ಯಾನ ಬೇಕಾಗುವುದಿಲ್ಲ. ಅಂಥವನ ಹಬ್ಬಗಳನ್ನೂ ಗೀತಗಳನ್ನೂ ದೇವರು ಹೇಸುತ್ತಾನೆಂದು ಆಮೋಸನು ಹೇಳುವಾಗ, ಆ ಹೇಸಿಕೆಗೆ ಕಾರಣ ರಾಗದ ದೋಷವೂ ಅಲ್ಲ, ವಿಧಿಯ ಲೋಪವೂ ಅಲ್ಲ, ತಕ್ಕಡಿ. ಇದೇ ಮಾತನ್ನು ಭರವಸೆಯ ಕಡೆಯಿಂದ ನುಡಿದವನು ಜೆಕರ್ಯ. ಮಹಾಯಾಜಕನ ಮುಂಡಾಸಿನ ಮೇಲೆ ಮಾತ್ರ ಕೆತ್ತಿದ್ದ, ಇದು ಕರ್ತನಿಗೆ ಮೀಸಲು ಎಂಬರ್ಥದ ಬರಹವು ಮುಂದೊಂದು ದಿನ ಕುದುರೆಗಳ ಗೆಜ್ಜೆಗಳ ಮೇಲೂ ಇರುವುದೆಂದು, ಊರೂರಿನ ಅಡಿಗೆಯ ಗಡಿಗೆಗಳೂ ದೇವಾಲಯದ ಪಾತ್ರೆಗಳಷ್ಟೇ ಪವಿತ್ರವಾಗುವುವೆಂದು ಅವನು ಕಂಡನು. ಅಪೊಸ್ತಲ ಪೌಲನು ರೋಮಾಪುರದವರಿಗೆ ಬರೆದ ಪತ್ರದಲ್ಲಿ ಸಜೀವ ಯಜ್ಞವಾಗಿ ಅರ್ಪಿಸಿರೆಂದು ಬೇಡುವುದು ಭಾವನೆಯನ್ನಲ್ಲ, ದೇಹವನ್ನು. ದೇಹವೆಂದರೆ ಬೆವರು, ಹಸಿವು, ದುಡಿಮೆ, ಎಲ್ಲವೂ ಸೇರಿತು.

ಇಷ್ಟಾಗಿ, ದುಡಿಮೆಯೇ ಆರಾಧನೆ ಎಂದು ಸುಲಭವಾಗಿ ಹೇಳಿಬಿಡುವವರ ವಿಷಯದಲ್ಲಿ ನನಗೆ ಸ್ವಲ್ಪ ಶಂಕೆಯುಂಟು. ಕಾಯಕದ ಮಹಿಮೆಯನ್ನು ಕನ್ನಡಿಗರಿಗೆ ಯಾರೂ ಹೊರಗಿನಿಂದ ಬಂದು ಬೋಧಿಸಬೇಕಾಗಿಲ್ಲ. ಹನ್ನೆರಡನೆಯ ಶತಮಾನದ ಶರಣರು ಅದನ್ನು ಬೋಧಿಸಿದ್ದಲ್ಲದೆ ಬಾಳಿಯೂ ತೋರಿಸಿದರು. ಆದರೆ ಆ ಮಾತು ದುಡಿಯುವವನ ಬಾಯಲ್ಲಿ ಬಂದರೆ ಒಂದರ್ಥ, ದುಡಿಸಿಕೊಳ್ಳುವವನ ಬಾಯಲ್ಲಿ ಬಂದರೆ ಬೇರೊಂದರ್ಥ. ಹದಿನೇಳನೆಯ ಶತಮಾನದ ಪ್ಯಾರಿಸ್ಸಿನಲ್ಲಿ, ಕಾರ್ಮೆಲ್ ಮಠದ ಅಡಿಗೆಮನೆಯಲ್ಲಿ ವರ್ಷಾನುವರ್ಷ ಪಾತ್ರೆಗಳ ನಡುವೆ ಬಾಳಿದ ಸಹೋದರ ಲಾರೆನ್ಸ್ ಎಂಬವನು, ಪ್ರಾರ್ಥನೆಯ ಹೊತ್ತಿನಲ್ಲಿ ಎಷ್ಟೋ ಅಡಿಗೆಯ ಗದ್ದಲದಲ್ಲಿಯೂ ಅಷ್ಟೇ ದೇವರ ಸನ್ನಿಧಾನವನ್ನು ಅನುಭವಿಸುತ್ತಿದ್ದನೆಂದು ಅವನನ್ನು ಬಲ್ಲವರು ಬರೆದಿಟ್ಟಿದ್ದಾರೆ. ಅಡಿಗೆಯ ಕೆಲಸವು ಅವನಿಗೆ ಸ್ವಭಾವತಃ ಹಿಡಿಸುತ್ತಿರಲಿಲ್ಲವೆಂಬುದನ್ನೂ ಅವರೇ ಬರೆದಿದ್ದಾರೆ. ಅವನ ವಿಷಯವಾಗಿ ಪ್ರಸಂಗಮಾಡುವವರು ಈ ಎರಡನೆಯದನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಹಿಡಿಸದ ಕೆಲಸವನ್ನು ತಾನಾಗಿ ಒಪ್ಪಿಕೊಂಡು ದೇವರಿಗೆ ಸಲ್ಲಿಸಿದ್ದು ಅವನ ಸಾಧನೆ. ಹಿಡಿಸದ ಕೆಲಸವನ್ನು ಪರರ ತಲೆಯ ಮೇಲೆ ಹೊರಿಸಿ ಅದನ್ನು ಅವರ ಪೂಜೆಯೆಂದು ಕರೆಯುವುದು ಯಾವ ಸಾಧನೆಯೂ ಅಲ್ಲ. ನಿತ್ಯಜೀವನದ ಆರಾಧನೆಗೆ ಒರೆಗಲ್ಲು ಆರಾಧಕನ ಮನಸ್ಸಿನಲ್ಲಿ ಇರುವುದಿಲ್ಲ. ಆರಾಧಕನು ಯಾರಿಗೆ ಏನನ್ನು ಸಲ್ಲಿಸಬೇಕಾಗಿದೆಯೋ ಅವರ ಕೈಯಲ್ಲಿದೆ.

ಈ ಒರೆಗಲ್ಲಿನಿಂದ ನೋಡಿದಾಗ, ದಕ್ಷಿಣಭಾರತದ ಹಳ್ಳಿಯ ಸಭೆಗಳಲ್ಲಿ ಬಹುಕಾಲದಿಂದ ನಡೆದುಬಂದ ಒಂದು ಸಣ್ಣ ಪದ್ಧತಿ ನನಗೆ ಪ್ರಸಂಗಗಳಿಗಿಂತ ಹೆಚ್ಚು ಅರ್ಥಗರ್ಭಿತವಾಗಿ ಕಾಣುತ್ತದೆ. ಒಲೆಯ ಮೇಲೆ ಎಸರಿಟ್ಟು ಮನೆಮಂದಿಗೆ ಬೇಕಾದಷ್ಟು ಅಕ್ಕಿಯನ್ನು ಅಳೆದುಕೊಂಡ ಮೇಲೆ, ಗೃಹಿಣಿಯು ಅದರೊಳಗಿಂದ ಒಂದು ಹಿಡಿಯನ್ನು ತೆಗೆದು ಬೇರೊಂದು ಗಡಿಗೆಗೆ ಹಾಕುವಳು. ವಾರದ ಕೊನೆಗೆ ಆ ಹಿಡಿಯಕ್ಕಿಯು ದೇವಾಲಯಕ್ಕೆ ಬರುವುದು. ಸಭಾಪಾಲಕರ ಜೀವನಕ್ಕೋ, ಇಲ್ಲದವರ ಮನೆಗೋ ಹೋಗುವುದು. ಜೋಳ ನವಣೆಗಳ ಸೀಮೆಯಲ್ಲಿ ಅದು ಅಕ್ಕಿಯೇ ಆಗಿರಬೇಕೆಂಬ ಕಟ್ಟಳೆಯೇನೂ ಇಲ್ಲ. ಇಲ್ಲಿ ಗಮನಿಸತಕ್ಕದ್ದೇನೆಂದರೆ, ಆ ಹಿಡಿಯನ್ನು ಕಣಜದಿಂದ ತೆಗೆಯುವುದಿಲ್ಲ, ಅಳೆದಾದ ಊಟದಿಂದ ತೆಗೆಯುತ್ತಾರೆ. ಎಂದರೆ ಅಂದಿನ ಅನ್ನವೇ ಒಂದು ಹಿಡಿ ಕಡಿಮೆಯಾಗುತ್ತದೆ. ಕಡಿಮೆಯಾಗುವುದು ಯಾರ ತಟ್ಟೆಯಲ್ಲಿ? ನಮ್ಮ ಮನೆಗಳಲ್ಲಿ ಕೊನೆಗೆ ಉಣ್ಣುವವಳು ಯಾರೆಂಬುದು ಗೊತ್ತಿದ್ದವರಿಗೆ ಉತ್ತರವೂ ಗೊತ್ತು. ಕುಟುಂಬದ ಹೆಸರಿನಲ್ಲಿ ಸಲ್ಲುವ ಆ ಕಾಣಿಕೆಯನ್ನು ನಿಜವಾಗಿ ಸಲ್ಲಿಸಿದವಳು ಅವಳು; ಬರಗಾಲದ ವರ್ಷಗಳಲ್ಲಂತೂ ಅದು ಕೇವಲ ಸಂಕೇತವಾಗಿರಲು ಸಾಧ್ಯವಿಲ್ಲ. ಸುಗ್ಗಿಯ ಹಬ್ಬದ ದಿನ ದೇವಾಲಯದ ಅಂಗಳದಲ್ಲಿ ಪ್ರಥಮಫಲಗಳನ್ನು ಹರಾಜುಹಾಕುವಾಗ, ಒಂದು ಕುಂಬಳಕಾಯಿಗೋ ಒಂದು ಕೋಳಿಗೋ ಪೈಪೋಟಿಯ ಮೇಲೆ ಬೆಲೆಯೇರಿಸಿ ಕೊಂಡವರ ಹೆಸರನ್ನು ಎಲ್ಲರೂ ಕೇಳುವಂತೆ ಕೂಗುತ್ತಾರೆ. ಅದರಲ್ಲಿಯೂ ಸಂತೋಷವುಂಟು, ಅಲ್ಲವೆನ್ನಲಾರೆ. ಆದರೆ ಹಿಡಿಯಕ್ಕಿಯ ಹೆಸರನ್ನು ಯಾರೂ ಕೂಗುವುದಿಲ್ಲ. ಜೆಕರ್ಯನು ಕಂಡ ಗಡಿಗೆಯು ಎಲ್ಲಿಯಾದರೂ ಇದ್ದರೆ ಇಲ್ಲಿಯೇ ಇರಬೇಕು. ಹಾಗಿದ್ದರೆ, ಅದರಿಂದ ಅನ್ನ ಬಡಿಸಿಕೊಳ್ಳುವ ಗಂಡಸು ಒಂದು ದಿನ ತಾನೇ ಕೊನೆಗೆ ಉಣ್ಣುವುದನ್ನು ಯಾವ ಪ್ರಾರ್ಥನಾಕ್ರಮವೂ ಇನ್ನೂ ವಿಧಿಸದೆ ಇರುವುದು ಆಶ್ಚರ್ಯ.

ಸೇರಿಬಂದು ಮಾಡುವ ಆರಾಧನೆಯು ಹಾಗಾದರೆ ಅನಾವಶ್ಯಕವೇ ಎಂದು ಕೇಳಬಹುದು. ಹಾಗೆನ್ನುವುದು ಅವಿವೇಕ. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಸ್ಥಾಪಿತವಾದ ದಕ್ಷಿಣ ಇಂಡಿಯಾ ಸಭೆಯು 1950ರಲ್ಲಿ ರೂಪಿಸಿದ ಪ್ರಭುಭೋಜನದ ಕ್ರಮದಲ್ಲಿ, ಪ್ರಾಚೀನ ಪೌರಸ್ತ್ಯ ಸಭೆಗಳಿಂದ ತೆಗೆದುಕೊಂಡ ಶಾಂತಿಪ್ರದಾನದ ವಿಧಿಯೊಂದಿದೆ: ಒಬ್ಬರ ಅಂಗೈಗಳ ನಡುವೆ ಇನ್ನೊಬ್ಬರ ಅಂಗೈಯನ್ನು ಇರಿಸಿ, ಪೀಠದ ಬಳಿಯಿಂದ ಹೊರಟ ಸ್ಪರ್ಶವನ್ನು ಸಭೆಯ ಕೊನೆಯ ಸಾಲಿನವರೆಗೆ ದಾಟಿಸಬೇಕು. ಸ್ಪರ್ಶವನ್ನೇ ಮೈಲಿಗೆಯೆಂದೆಣಿಸಿದ ಊರುಗಳಲ್ಲಿ, ಮಾಲರ ಕೇರಿ ಬೇರೆ ಮಾದಿಗರ ಕೇರಿ ಬೇರೆ ಎಂಬ ಭೇದವು ದೀಕ್ಷಾಸ್ನಾನದ ನಂತರವೂ ಅಳಿಯದೆ ಉಳಿದ ರಾಯಲಸೀಮೆಯಲ್ಲಿ, ಇದು ಸಾಮಾನ್ಯ ವಿಧಿಯಲ್ಲ. ನಿತ್ಯಜೀವನವು ಕಲಿಸದಿರುವ ಒಂದು ಚಲನೆಯನ್ನು ದೇವಾಲಯವು ಕೈಗಳಿಗೆ ಕಲಿಸುತ್ತದೆ. ಭಾನುವಾರ ಕಲಿತ ಕೈ ಸೋಮವಾರ ಬಾವಿಕಟ್ಟೆಯ ಬಳಿ ಅದನ್ನು ಮರೆತರೆ ತಪ್ಪು ಕೈಯದು. ಕಲಿಯುವ ಸ್ಥಳವೇ ಇಲ್ಲದಿದ್ದರೆ ಮರೆಯುವುದಕ್ಕೂ ಏನೂ ಇರುತ್ತಿರಲಿಲ್ಲ.

ಪಶ್ಚಿಮ ಕರ್ನೂಲಿನ ಹಳ್ಳಿಗಳಲ್ಲಿ ಇನ್ನೊಂದು ತೊಡಕುಂಟು. ಮಳೆ ಕೈಕೊಟ್ಟ ವರ್ಷಗಳಲ್ಲಿ ಸಂಸಾರಗಳು ಮನೆಗೆ ಬೀಗಹಾಕಿ ಗುಂಟೂರಿನ ಮೆಣಸಿನಕಾಯಿ ಹೊಲಗಳಿಗೆ, ಬೆಂಗಳೂರಿನ ಕಟ್ಟಡಗಳ ಕೆಲಸಕ್ಕೆ ಗುಳೆಹೊರಡುತ್ತವೆ. ದೇವಾಲಯದಲ್ಲಿ ಮುದುಕರೂ ಕೆಲವು ಮಕ್ಕಳೂ ಉಳಿಯುತ್ತಾರೆ. ಹೊಲದಂಚಿನ ಗುಡಿಸಿಲಿನಲ್ಲಿ, ಭಾನುವಾರವೆಂಬುದೇ ಇಲ್ಲದ ಕೆಲಸದ ನಡುವೆ, ರಾತ್ರಿಯ ಊಟವಾದ ಮೇಲೆ ಕೂಡಿ ಹಾಡಿ ಪ್ರಾರ್ಥಿಸುವವರ ಆರಾಧನೆಯು ದೇವಾಲಯದ್ದೋ ನಿತ್ಯಜೀವನದ್ದೋ ಎಂದು ವಿಂಗಡಿಸುವ ಅವಕಾಶವೇ ಇಲ್ಲ. ಅಂಥ ಗುಂಪಿನ ಮೇಸ್ತ್ರಿಯೇ ಪ್ರಾರ್ಥನೆಯನ್ನು ನಡೆಸುವವನೂ ಆಗಿದ್ದಾನೆನ್ನೋಣ. ಮುಂಗಡ ಕೊಟ್ಟು ಕರೆತಂದವನೂ ಅವನೇ, ದಿನದ ಕೂಲಿಯ ಲೆಕ್ಕ ಬರೆಯುವವನೂ ಅವನೇ. ಕೂಲಿಯನ್ನು ಬೆಳಗಿನವರೆಗೂ ಇಟ್ಟುಕೊಳ್ಳಕೂಡದೆಂದು ಮೋಶೆಯ ಧರ್ಮಶಾಸ್ತ್ರವೂ, ತಡೆದಿಟ್ಟ ಕೂಲಿಯು ದೇವರಿಗೆ ಕೂಗಿಡುತ್ತದೆಂದು ಯಾಕೋಬನ ಪತ್ರಿಕೆಯೂ ಹೇಳುವುದು ಅವನಂಥವನನ್ನು ಉದ್ದೇಶಿಸಿಯೇ. ಮತ್ತಾಯನ ಸುವಾರ್ತೆಯಲ್ಲಿ ಯೇಸು ಇದಕ್ಕೊಂದು ಕ್ರಮವನ್ನೂ ಹೇಳಿದ್ದಾನೆ: ಕಾಣಿಕೆಯನ್ನು ಹಿಡಿದು ಪೀಠದ ಬಳಿ ನಿಂತಿರುವಾಗ, ಸಹೋದರನಿಗೆ ನಿನ್ನ ಮೇಲೆ ದೂರುಂಟೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಹೋಗಿ ಮೊದಲು ಅವನೊಡನೆ ಸಮಾಧಾನಮಾಡಿಕೊಂಡು ಅನಂತರ ಬಾ. ಕಾಣಿಕೆಯನ್ನು ಬಿಸಾಡಿಬಿಡು ಎನ್ನಲಿಲ್ಲ, ಹಿಂದಿರುಗಿ ಬರಬೇಕಾದದ್ದೇ. ಮೇಸ್ತ್ರಿಯ ಪಾಲಿಗೆ ಇದರ ಅರ್ಥವಿಷ್ಟೆ: ಲೆಕ್ಕದ ಪುಸ್ತಕವನ್ನು ಮೊದಲು ತೆರೆದು, ಓದುಬಲ್ಲ ಹುಡುಗಿಯೊಬ್ಬಳಿಂದ ಎಲ್ಲರೂ ಕೇಳುವಂತೆ ಓದಿಸಿ, ಸಲ್ಲತಕ್ಕದ್ದನ್ನು ಸಲ್ಲಿಸಿ, ಆಮೇಲೆ ಕೀರ್ತನೆಯ ಪುಸ್ತಕವನ್ನು ಕೈಗೆತ್ತಿಕೊಳ್ಳತಕ್ಕದ್ದು.