ಮನಸ್ಸು ಕೂಡುವ ಮೊದಲು

ಹತ್ತನೆಯ ತರಗತಿಗೆ ಎರಡನೆಯ ಮಹಾಯುದ್ಧದ ಪಾಠ ಮುಗಿಸಿದಾಗ ಹುಡುಗಿಯೊಬ್ಬಳು ಎದ್ದುನಿಂತು, "ಮಿಸ್, ಅಷ್ಟೊಂದು ಹೊಡೆದಾಡಿದವರು ಆಮೇಲೆ ಒಬ್ಬರಿಗೊಬ್ಬರು ಹೇಗೆ ಮಾತಾಡಿದರು?" ಎಂದು ಕೇಳಿದಳು. ಅಷ್ಟರಲ್ಲಿ ಗಂಟೆ ಹೊಡೆಯಿತು. ಪ್ರಶ್ನೆ ಮಾತ್ರ ನನ್ನೊಡನೆ ಮನೆಗೆ ಬಂತು.

ಫ್ರೆಂಚರು, ಜರ್ಮನ್ನರು ಅಕ್ಕಪಕ್ಕದವರು. 1870, 1914, 1939 – ಎಪ್ಪತ್ತು ವರ್ಷದೊಳಗೆ ಮೂರು ಯುದ್ಧ. ಹೀಗಿದ್ದೂ 1950ರ ಮೇ 9ರಂದು ಫ್ರಾನ್ಸಿನ ವಿದೇಶಾಂಗ ಮಂತ್ರಿ ಶೂಮನ್, ಎರಡೂ ದೇಶಗಳ ಕಲ್ಲಿದ್ದಲು ಮತ್ತು ಉಕ್ಕನ್ನು ಒಂದೇ ಮೇಲಧಿಕಾರದ ಕೆಳಗಿಡೋಣ ಎಂದರು. ತೋಪು, ಟ್ಯಾಂಕು ಆಗುವುದು ಅವುಗಳಿಂದಲೇ ತಾನೆ? ಒಬ್ಬರು ಗುಟ್ಟಾಗಿ ಯುದ್ಧಕ್ಕೆ ಸಿದ್ಧವಾದರೆ ಇನ್ನೊಬ್ಬರಿಗೆ ಲೆಕ್ಕದಲ್ಲೇ ತಿಳಿದುಬಿಡಬೇಕು. 1951ರಲ್ಲಿ ಆರು ದೇಶಗಳು ಇದಕ್ಕೆ ಸಹಿ ಹಾಕಿದವು.

ಮೊದಲ ಸಲ ಓದಿದಾಗ ನನಗೆ ನಿರಾಸೆಯೇ ಆಗಿತ್ತು. ಪಶ್ಚಾತ್ತಾಪವೆಲ್ಲಿ, ಕ್ಷಮೆಯೆಲ್ಲಿ? ಬರೀ ಲೆಕ್ಕಾಚಾರ! ಪೈಪೋಟಿಯೂ ನಿಲ್ಲಲಿಲ್ಲ. ಜಂಟಿ ಸೈನ್ಯದ ಯೋಜನೆ ಮುಂದಿಟ್ಟದ್ದು ಫ್ರಾನ್ಸು. 1954ರಲ್ಲಿ ಅದನ್ನು ತಳ್ಳಿಹಾಕಿದ್ದೂ ಫ್ರಾನ್ಸಿನ ಸಂಸತ್ತೇ. 1963ರ ಜನವರಿಯಲ್ಲಿ ದ ಗಾಲ್ ಮತ್ತು ಅಡೆನೌರ್ ಸ್ನೇಹದ ಒಪ್ಪಂದ ಮಾಡಿಕೊಂಡರು. ಕೆಲವೇ ತಿಂಗಳಲ್ಲಿ ಪಶ್ಚಿಮ ಜರ್ಮನಿಯ ಸಂಸತ್ತು ಅಮೆರಿಕದ ನಂಟನ್ನು ಎತ್ತಿಹೇಳುವ ಪೀಠಿಕೆಯೊಂದನ್ನು ಅದಕ್ಕೆ ಸೇರಿಸಿತು. ದ ಗಾಲ್ ಅವರಿಗೆ ಮುನಿಸು ಬಂತು. ಆದರೂ ವರ್ಷಕ್ಕೆ ಎರಡು ಸಲವಾದರೂ ಉಭಯ ಮುಖ್ಯಸ್ಥರು ಭೇಟಿಯಾಗಬೇಕೆಂಬ ಕರಾರು ಉಳಿಯಿತು. ಮುನಿಸಿದ್ದರೂ ಎದುರುಬದುರು ಕೂರಲೇಬೇಕು.

ಇದರ ಬೆಲೆ ನನಗೆ ತಿಳಿದದ್ದು ಮನೆಯಲ್ಲಿ. ಪಾಲಾದ ಮೇಲೆ ನನಗೂ ನನ್ನ ಓರಗಿತ್ತಿಗೂ ನಾಲ್ಕು ವರ್ಷ ಮಾತಿರಲಿಲ್ಲ. ಬಾವಿ ಮಾತ್ರ ಇಬ್ಬರದೂ. ಮೋಟಾರಿನ ಬಿಲ್ಲು ಹಂಚಿಕೊಳ್ಳಲು ಒಂದು ನೋಟ್‌ಬುಕ್ಕು ಆ ಮನೆಗೂ ಈ ಮನೆಗೂ ಓಡಾಡುತ್ತಿತ್ತು. ಒಂದು ತಿಂಗಳು ಅವಳ ಲೆಕ್ಕದ ಕೆಳಗೆ, "ನಿಮ್ಮ ಮಂಡಿನೋವು ಹೇಗಿದೆ ಅಕ್ಕ?" ಎಂಬ ಸಾಲಿತ್ತು. ನಾನು ಬಹಳ ಹೊತ್ತು ಪುಸ್ತಕ ಮುಚ್ಚಲಿಲ್ಲ.

ಮನಸ್ಸು ತಿಳಿಯಾಗಲಿ, ಆಮೇಲೆ ಕೂಡೋಣ ಎನ್ನುತ್ತೇವೆ. ಕೂಡಿ ಮಾಡುವ ಕೆಲಸವೇ ಮನಸ್ಸನ್ನು ತಿಳಿಮಾಡಬಹುದಲ್ಲವೆ? ಸತ್ತವರ ಪರವಾಗಿ ಕ್ಷಮಿಸುವ ಹಕ್ಕು ಆ ಮಂತ್ರಿಗಳಿಗೆ ಇರಲಿಲ್ಲ. ಇನ್ನೂ ಹುಟ್ಟದ ಮಕ್ಕಳನ್ನು ಉಳಿಸುವ ಹೊಣೆ ಇತ್ತು. 1984ರಲ್ಲಿ ವೆರ್ದನ್ನಿನ ಹಳೆಯ ರಣಭೂಮಿಯಲ್ಲಿ ಮಿತೆರಾಂ ಮತ್ತು ಕೋಲ್ ಕೈಹಿಡಿದು ನಿಂತರು. ಕಲ್ಲಿದ್ದಲಿನ ಮಾತೆತ್ತಿ ಆಗಲೇ ಮೂವತ್ತನಾಲ್ಕು ವರ್ಷ ಕಳೆದಿತ್ತು.

ನಾಳೆ ಆ ಹುಡುಗಿಗೆ ಹೇಳಬೇಕು: ಮೊದಲು ಅವರು ಲೆಕ್ಕದ ಮಾತಾಡಿದರು ಮಗೂ, ಉಳಿದ ಮಾತು ನಿಧಾನವಾಗಿ ಬಂತು, ಎಂದು.