ಬೂಷ್ಟು ಯಾವುದು, ಅಮ್ಮ ಯಾವುದು

ಮುಳಬಾಗಿಲಿನ ಒಂದು ಫೋಟೋ ಸ್ಟುಡಿಯೋ. ಶ್ರೀನಿವಾಸಪುರದಿಂದ ಬಂದ ನಿವೃತ್ತ ಮೇಷ್ಟ್ರು ಟವೆಲಿನಲ್ಲಿ ಸುತ್ತಿ ತಂದ, ಕಟ್ಟು ಹಾಕಿದ ಫೋಟೋ ಬಿಚ್ಚುತ್ತಾರೆ. ಸ್ಟುಡಿಯೋದವನು ಅವರ ಹಳೆಯ ಶಿಷ್ಯ.

ಮೇಷ್ಟ್ರು: 1961ರಲ್ಲಿ ಕೋಲಾರದಲ್ಲಿ ತೆಗೆಸಿದ್ದಪ್ಪ. ಅಮ್ಮನದು ಅಂತ ಇರೋದು ಇದೊಂದೇ. ಎಡಗಣ್ಣು, ಎಡಗೆನ್ನೆ ಗೆದ್ದಲಿಗೆ ಹೋಯ್ತು. ಪೂರ್ತಿ ಮಾಡಿಕೊಡು.

ಶಿಷ್ಯ: ಗಾಜು ಕೀಳಬೇಡಿ ಮೇಷ್ಟ್ರೇ. ತೇವಕ್ಕೆ ಜೆಲಾಟಿನ್ ಪದರ ಉಬ್ಬಿ ಗಾಜಿಗೆ ಕಚ್ಚಿಕೊಂಡಿದೆ; ಎಳೆದರೆ ಉಳಿದ ಮುಖವೂ ಕಿತ್ತು ಬರುತ್ತೆ. ಹಾಗೇ ಸ್ಕ್ಯಾನ್ ಮಾಡ್ತೀನಿ. ಗೀರು, ಮಡಿಕೆ ತೆಗೆಯೋದು ಕಷ್ಟವಲ್ಲ. 2002ರಲ್ಲಿ ಫೋಟೋಶಾಪ್‌ಗೆ ಹೀಲಿಂಗ್ ಬ್ರಷ್ ಬಂದಾಗಿನಿಂದ ಪಕ್ಕದ ಜಾಗದ ನವುರನ್ನೇ ತಂದು ಹೊಂದಿಸಬಹುದು. ಆದರೆ ಇಲ್ಲದ ಕಣ್ಣನ್ನು ಎಲ್ಲಿಂದ ತರಲಿ?

ಮೇಷ್ಟ್ರು: ಬಲಗಣ್ಣನ್ನೇ ತಿರುಗಿಸಿ ಕೂರಿಸು. ಇಲ್ಲಾಂದ್ರೆ ಈಗ ಎಐ ತಾನೇ ಬರೆಯುತ್ತಂತಲ್ಲ.

ಶಿಷ್ಯ: ಬರೆಯುತ್ತೆ. ಲೆಕ್ಕವಿಲ್ಲದಷ್ಟು ಕಣ್ಣು ನೋಡಿ ಕಲಿತದ್ದು ಅದು. ನಿಮ್ಮಮ್ಮನ ಎಡಗಣ್ಣು ನೋಡಿಲ್ಲ.

ಮೇಷ್ಟ್ರು: ಭಿನ್ನವಾದ ವಿಗ್ರಹಕ್ಕೆ ಪೂಜೆ ಇಲ್ಲ ಅಂತಾರೆ. ಹೊಸದು ಕೆತ್ತಿಸಿ ಪ್ರತಿಷ್ಠೆ ಮಾಡ್ತಾರೆ, ದೇವರು ಅದೇ ಅಂತ ಕೈ ಮುಗೀತೀವಿ. ಅಮ್ಮನಿಗೆ ಯಾಕೆ ಆಗಬಾರದು?

ಶಿಷ್ಯ: ವಿಗ್ರಹಕ್ಕೆ ತಾಳಮಾನ ಇದೆ. ಅಳತೆ ಬಲ್ಲ ಶಿಲ್ಪಿ ಯಾರು ಕೆತ್ತಿದರೂ ಆ ದೇವರೇ. ಫೋಟೋ ಅಳತೆಯಿಂದ ಆದದ್ದಲ್ಲ. ಆವತ್ತು ಅಮ್ಮನ ಮುಖಕ್ಕೆ ತಾಗಿದ ಬೆಳಕೇ ಬಂದು ಫಿಲಂನ ಬೆಳ್ಳಿಯಲ್ಲಿ ಕೂತದ್ದು. ಆ ಬೆಳಕು ಮುಟ್ಟದ ಕಣ್ಣು ಎಷ್ಟು ಚೆಂದವಿದ್ದರೂ ಬೇರೆಯವರದು.

ಮೇಷ್ಟ್ರು: ನನ್ನ ನೆನಪೂ ಹಾಗೇ ಅಲ್ವೇನೋ? ಅಮ್ಮ ಹೋಗಿ ನಲವತ್ತು ವರ್ಷ. ಎಡಗಣ್ಣು ಹೇಗಿತ್ತು ಅಂದರೆ ಆಣೆ ಮಾಡಿ ಹೇಳಲಾರೆ. ಮರೆತ ಕಡೆಯೆಲ್ಲ ನಾನೂ ಏನೋ ತುಂಬಿಕೊಂಡಿರ್ತೀನಿ.

ಶಿಷ್ಯ: ಇರಬಹುದು. ನಿಮ್ಮ ನೆನಪು ತಪ್ಪಿದರೆ ತಿದ್ದೋಕೆ ಈ ಫೋಟೋ ಇದೆ. ಫೋಟೋನೇ ಊಹೆ ಹೇಳಿಬಿಟ್ಟರೆ ಮೊಮ್ಮಕ್ಕಳು ಯಾವುದನ್ನು ನಂಬಬೇಕು?

ಮೇಷ್ಟ್ರು: ಹಾಗಂತ ತೂತು ಬಿದ್ದ ಮುಖ ಗೋಡೆಗೆ ಹಾಕಲಾ?

ಶಿಷ್ಯ: 1944ರ ಬಾಂಬಿಗೆ ಇಟಲಿಯ ವಿತೆರ್ಬೊದಲ್ಲಿ ಒಂದು ಚರ್ಚಿನ ಭಿತ್ತಿಚಿತ್ರಗಳು ಚೂರಾದವು. ಚೆಸಾರೆ ಬ್ರಾಂಡಿ ನಡೆಸುತ್ತಿದ್ದ ರೋಮ್‌ನ ಕಲಾಕೃತಿ ದುರಸ್ತಿ ಸಂಸ್ಥೆಯವರು ಚೂರು ಜೋಡಿಸಿ, ಖಾಲಿ ಉಳಿದ ಕಡೆ ಸಣ್ಣ ಸಣ್ಣ ನೆಟ್ಟಗಿನ ಗೆರೆ ಎಳೆದರು. ದೂರದಿಂದ ಚಿತ್ರ ಇಡಿಯಾಗಿ ಕಾಣುತ್ತೆ. ಹತ್ತಿರ ಹೋದರೆ ಕಳೆದುಹೋದದ್ದು ಎಷ್ಟು ಅಂತ ತಿಳಿಯುತ್ತೆ. ಹಾಗೇ ಉಳಿದ ಮುಖದ ಬೂದುಬಣ್ಣವನ್ನು ಎಡಕ್ಕೂ ತೆಳುವಾಗಿ ಹರಡ್ತೀನಿ. ಕಣ್ಣು ಬರೆಯಲ್ಲ.

(ಸ್ಕ್ರೀನಿನ ಮೇಲೆ ಮುಖ ದೊಡ್ಡದಾಗುತ್ತದೆ. ಶಿಷ್ಯ ಚುಕ್ಕೆ ತೆಗೆಯುವ ಫಿಲ್ಟರ್ ಒತ್ತುತ್ತಾನೆ.)

ಮೇಷ್ಟ್ರು: ನಿಲ್ಲಿಸು! ಬಲಗೆನ್ನೆ ನುಣ್ಣಗಾಯ್ತಲ್ಲೋ. ಅಲ್ಲಿ ಸಿಡುಬಿನ ಕಲೆ ಇದ್ದವು. ಚಿಕ್ಕವನಿದ್ದಾಗ ಅಮ್ಮನ ತೊಡೆ ಮೇಲೆ ಮಲಗಿ ಬೆರಳಿಟ್ಟು ಎಣಿಸ್ತಿದ್ದೆ.

ಶಿಷ್ಯ: ಫಿಲ್ಟರಿಗೆ ಬೂಷ್ಟೂ ಒಂದೇ, ಸಿಡುಬೂ ಒಂದೇ. ನನಗೂ ತಿಳಿಯಲಿಲ್ಲ ಮೇಷ್ಟ್ರೇ. ಇಗೋ, ವಾಪಸ್ ತಂದೆ. ಬಿಡಿಸಿ ಹೇಳೋಕೆ ನೀವೇ ಬೇಕು. ಕುರ್ಚಿ ಎಳ್ಕೊಳ್ಳಿ.

ಮೇಷ್ಟ್ರು: (ಕನ್ನಡಕ ಒರೆಸಿಕೊಂಡು, ಸ್ಕ್ರೀನಿಗೆ ಬೆರಳಿಟ್ಟು) ಇದು ಬೂಷ್ಟು, ತೆಗಿ. ಇದೂ ಬೂಷ್ಟು. ಇದು... ಇದು ಅಮ್ಮ. ಇರಲಿ.