ಆಡಂಬರ

ಇಂದು ‘ಆಡಂಬರ’ವೆಂದರೆ ಹುರುಳನ್ನು ಮೀರಿದ ತೋರಿಕೆಯೆಂದೇ ತಿಳಿಯುತ್ತೇವೆ, ಆದರೆ ಶುಕ್ಲ ಯಜುರ್ವೇದದಲ್ಲಿ ಆ ಶಬ್ದವು ನಿರ್ದೋಷವಾದ ಒಂದು ಚರ್ಮವಾದ್ಯದ ಹೆಸರು, ಅಮರಕೋಶದಲ್ಲಿ ತೂರ್ಯಘೋಷಕ್ಕೂ ಗಜೇಂದ್ರನ ಗರ್ಜನೆಗೂ ಸಲ್ಲುವ ಮಾತು. ಭೇರಿಯ ನಾದವು ಬಾರಿಸುವವನಲ್ಲಿಯೇ ನಿಲ್ಲದೆ ದೂರದವರನ್ನು ಮುಟ್ಟಲೆಂದು ಹೊರಡುವುದಷ್ಟೆ. ಈಗಿನ ಅರ್ಥದ ಬೀಜವು ಅಲ್ಲಿಯೇ ಇದ್ದಿತೆಂದು ನನಗೆ ತೋರುತ್ತದೆ. ಹರ್ಷಚರಿತದ ಪೀಠಿಕೆಯಲ್ಲಿ ಬಾಣಭಟ್ಟನು ಗೌಡದೇಶದವರ ಕಾವ್ಯಕ್ಕೆ ಅಕ್ಷರಡಂಬರವೆಂಬ ಲಕ್ಷಣವನ್ನು ಹೇಳುವ ಹೊತ್ತಿಗೆ ಆ ಬೀಜ ಮೊಳೆತಿದೆ.

ದೇವರ ಸನ್ನಿಧಿಯಲ್ಲಿ ಈ ಪದವನ್ನಾಡುವಾಗ ಎಚ್ಚರ ಬೇಕು. ಹಿರಿದಾದುದೆಲ್ಲವನ್ನೂ ಆಡಂಬರವೆಂದು ತಳ್ಳಿಹಾಕುವವರು ಶ್ರವಣಬೆಳಗೊಳದ ವಿಂಧ್ಯಗಿರಿಯನ್ನು ಹತ್ತಿ ನೋಡಬೇಕು. 10ನೆಯ ಶತಮಾನದ ಕೊನೆಯ ಭಾಗದಲ್ಲಿ ಗಂಗರ ಮಂತ್ರಿ ಚಾವುಂಡರಾಯನು ಮಾಡಿಸಿದ, ಸುಮಾರು 58 ಅಡಿ ಎತ್ತರದ ಏಕಶಿಲೆಯ ಆ ಗೊಮ್ಮಟನ ಮೈಮೇಲೆ ಕಿರೀಟವಿಲ್ಲ, ಒಡವೆಯಿಲ್ಲ, ನೂಲಿನೆಳೆಯೊಂದಿಲ್ಲ. ಗೆದ್ದ ರಾಜ್ಯವನ್ನು ಗೆದ್ದ ಗಳಿಗೆಯಲ್ಲಿಯೇ ಅಣ್ಣ ಭರತನಿಗೆ ಬಿಟ್ಟು ತಪಸ್ಸಿಗೆ ನಿಂತವನ ಕಾಲುತೋಳುಗಳಿಗೆ ಬಳ್ಳಿ ಹಬ್ಬಿದೆ. ಅಷ್ಟು ದೊಡ್ಡ ಗಾತ್ರವೂ ಅಲ್ಲಿ ತ್ಯಾಗದ ಹಿರಿಮೆಯನ್ನಲ್ಲದೆ ಬೇರೇನನ್ನೂ ಸಾರುವುದಿಲ್ಲ.

ಐತಿಹ್ಯವು ಇನ್ನೂ ಆಳಕ್ಕಿಳಿಯುತ್ತದೆ. ಇಂಥ ಮೂರ್ತಿಯನ್ನು ಮಾಡಿಸಿದವನು ನಾನೆಂಬ ಅಹಂಕಾರವು ರಾಯನ ಮನಸ್ಸನ್ನು ಹೊಕ್ಕುದರಿಂದ, ಕೊಡಕೊಡ ಹಾಲು ಸುರಿಸಿದರೂ ಅಭಿಷೇಕವು ಗೊಮ್ಮಟನ ಪಾದವನ್ನು ಮುಟ್ಟಲಿಲ್ಲವಂತೆ. ಮುದುಕಿಯೊಬ್ಬಳು ಗುಳ್ಳಕಾಯಿಯ ಚಿಪ್ಪಿನಲ್ಲಿ ತಂದೆರೆದ ಹಾಲು ಮೂರ್ತಿಯನ್ನೆಲ್ಲ ತೋಯಿಸಿ ಬೆಟ್ಟದ ಮೇಲೆ ಹರಿಯಿತಂತೆ. ಆ ಗುಳ್ಳಕಾಯಜ್ಜಿಯ ವಿಗ್ರಹ ಗೊಮ್ಮಟನಿಗೆ ಇದಿರಾಗಿ ಇಂದಿಗೂ ನಿಂತಿದೆ. ಈ ಕತೆಯನ್ನು ಬಡತನದ ಹೊಗಳಿಕೆಯೆಂದು ಹೇಳುವವರುಂಟು. ನಾನು ಹಾಗೆ ತಿಳಿಯೆನು. ಕತೆಯು ಸಮೃದ್ಧಿಯನ್ನು ಎಲ್ಲಿಯೂ ನಿಂದಿಸದು. ಅಜ್ಜಿಯ ಹಾಲೂ ಹೊಳೆಯಾಗಿಯೇ ಹರಿಯಿತು. ರಾಯನ ಕೊಡಗಳು ದೇವರ ಕಡೆಗೆ ಬಾಗಿದ್ದರೂ ಅವನ ಚಿತ್ತವು ನೆರೆದವರ ಕಡೆಗೆ ತಿರುಗಿತ್ತು, ಅರ್ಪಣೆಯ ಹೊತ್ತಿನಲ್ಲಿ ಅರ್ಪಿಸುವವನು ತನ್ನನ್ನೇ ನೋಡಿಕೊಳ್ಳುತ್ತಿದ್ದನು. ಆಡಂಬರವು ಹುಟ್ಟುವುದು ಈ ತಿರುವಿನಲ್ಲಿ.

ಆದಕಾರಣ, ಸಾಮಾನ್ಯವಾಗಿ 12 ವರ್ಷಕ್ಕೊಮ್ಮೆ 1008 ಕಲಶಗಳಿಂದ ನಡೆಯುವ ಮಹಾಮಸ್ತಕಾಭಿಷೇಕವನ್ನು ಅದರ ವಿಸ್ತಾರಕ್ಕಾಗಿಯೇ ನಾನು ಆಡಂಬರವೆನ್ನಲಾರೆ. ಚಿಕ್ಕ ಗುಡಿಯೊಂದರಲ್ಲಿ ದೀಪಕ್ಕೆ ಎಣ್ಣೆ ಕೊಟ್ಟವರು ತಮ್ಮ ಹೆಸರನ್ನು ಮಂಗಳಾರತಿಯ ಗಂಟೆಗಿಂತ ಎತ್ತರದ ದನಿಯಲ್ಲಿ ಕೂಗಿಸಿಕೊಳ್ಳುವುದನ್ನು ಮಾತ್ರ ಬೇರೆ ಹೆಸರಿನಿಂದ ಕರೆಯಲಾರೆ.